‘ಎಎನ್‌ಎ ಪಾಸಿಟಿವ್’ ರಿಪೋರ್ಟ್ ಓದುವುದು ಹೇಗೆ?

ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪಲು ಎಲ್ಲೇ ಆಗಲಿ, ಕೀಲುನೋವು ಎಂದವರ ಕೈಯಲ್ಲಿ ಈಗ ಎಎನ್‌ಎ (ನಮ್ಮದೇ ಜೀವಕೋಶಗಳ ಕೇಂದ್ರಕ್ಕೆ ಅಂಟುವ ಪ್ರತಿಕಾಯಗಳನ್ನು ಹುಡುಕುವ ರಕ್ತಪರೀಕ್ಷೆ) ರಿಪೋರ್ಟ್ ಇರುತ್ತದೆ. ದಪ್ಪ ಅಕ್ಷರದ ‘ಪಾಸಿಟಿವ್’ ಕಂಡ ಕೂಡಲೇ ಕೆಲವರು, ದೇಹದ ರಕ್ಷಣಾ ವ್ಯವಸ್ಥೆ ದೇಹದ ಮೇಲೆಯೇ ತಿರುಗಿಬೀಳುವ ಲೂಪಸ್ ಬಂತೆಂದು ಕಂಗಾಲಾಗುತ್ತಾರೆ. ಇನ್ನು ಕೆಲವರು ‘ಮಳೆಗಾಲದ ವಾತ’ ಎಂದು ಕಾಗದವನ್ನು ಬೀರುವಿಗೆ ಸೇರಿಸುತ್ತಾರೆ. ಎರಡೂ ತಪ್ಪು.

ಹಂತ 1: ವಿಧಾನ ನೋಡಿ. ಐಎಫ್‌ಎ ಅಥವಾ ಹೆಪ್-2 (ಜೀವಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ವಿಧಾನ) ಎಂದಿದ್ದರೆ ಸರಿ. ಎಲೈಸಾ (ಯಂತ್ರ ಓದುವ ವಿಧಾನ) ಎಂದಿದ್ದರೆ ಐಎಫ್‌ಎಯಲ್ಲಿ ಮತ್ತೊಮ್ಮೆ ಮಾಡಿಸಿ.

ಹಂತ 2: ಟೈಟರ್. ಎಲ್ಲರೂ ಎಡವುವುದು ಇಲ್ಲೇ. 1:80 ಎಂದರೆ ನಿಮ್ಮ ಸೀರಮ್ಮನ್ನು 80 ಪಟ್ಟು ತೆಳು ಮಾಡಿದ ಮೇಲೂ ಅದರಲ್ಲಿನ ಪ್ರತಿಕಾಯಗಳು ಗಾಜಿನ ಮೇಲಿನ ಜೀವಕೋಶಗಳ ಕೇಂದ್ರಕ್ಕೆ ಅಂಟಿ, ಸೂಕ್ಷ್ಮದರ್ಶಕದಲ್ಲಿ ಹಸಿರಾಗಿ ಹೊಳೆದವು ಎಂದರ್ಥ. ಎರಡನೆಯ ಸಂಖ್ಯೆ ದೊಡ್ಡದಾದಷ್ಟೂ ಪ್ರತಿಕಾಯ ಹೆಚ್ಚು. ಆದರೆ ಯಾವ ಕಾಯಿಲೆಯೂ ಇಲ್ಲದ ನೂರು ಜನರನ್ನು ಪರೀಕ್ಷಿಸಿದರೆ 1:40ರಲ್ಲಿ ಮೂವತ್ತರ ಆಸುಪಾಸು, 1:160ರಲ್ಲಿ ಸುಮಾರು ಐದು ಮಂದಿ ಪಾಸಿಟಿವ್ ಬರುತ್ತಾರೆ. ವಯಸ್ಸಾದವರಲ್ಲಿ, ಥೈರಾಯ್ಡ್ ತೊಂದರೆ ಇರುವವರಲ್ಲಿ, ವೈರಲ್ ಜ್ವರದಿಂದ ಎದ್ದವರಲ್ಲಿ ಇದು ಇನ್ನೂ ಸಾಮಾನ್ಯ. 2019ರ ಅಂತರರಾಷ್ಟ್ರೀಯ ಮಾನದಂಡದಲ್ಲಿಯೂ 1:80 ಎಂಬುದು ಲೂಪಸ್ ಇರಬಹುದೇ ಎಂದು ಮುಂದೆ ನೋಡಲು ಬೇಕಾದ ಬಾಗಿಲು ಮಾತ್ರ. ಕಾಯಿಲೆಯ ಲಕ್ಷಣವೇ ಇಲ್ಲದೆ ‘ಫುಲ್ ಬಾಡಿ ಪ್ಯಾಕೇಜ್’ ಹೆಸರಿನಲ್ಲಿ ಎಎನ್‌ಎ ಮಾಡಿಸುವುದು ದುಡ್ಡು ಕೊಟ್ಟು ನಿದ್ದೆ ಕೆಡಿಸಿಕೊಂಡಂತೆ. ಒಮ್ಮೆ ಪಾಸಿಟಿವ್ ಬಂದ ಮೇಲೆ ತಿಂಗಳಿಗೊಮ್ಮೆ ಅದನ್ನೇ ಮಾಡಿಸುವುದೂ ದಂಡ. ಲೂಪಸ್‌ನ ಏರಿಳಿತ ತಿಳಿಯಲು ಡಿಎನ್‌ಎಗೆ ಅಂಟುವ ಡಿಎಸ್-ಡಿಎನ್‌ಎ ಪ್ರತಿಕಾಯ, ಸಿ3 ಮತ್ತು ಸಿ4 ಎಂಬ ರಕ್ತದ ಪ್ರೋಟೀನುಗಳನ್ನು ನೋಡುತ್ತಾರೆ.

ಹಂತ 3: ಯಾವ ಪ್ರತಿಕಾಯ? ಡಿಎಸ್-ಡಿಎನ್‌ಎ ಮತ್ತು ಸ್ಮಿತ್ ಪ್ರತಿಕಾಯಗಳು ಲೂಪಸ್ ಕಡೆಗೆ, ಎಸ್‌ಸಿಎಲ್-70 ಚರ್ಮ ಬಿಗಿಯುವ ಸ್ಕ್ಲೆರೋಡರ್ಮಾ ಕಡೆಗೆ, ಆಂಟಿ-ಸಿಸಿಪಿ ರುಮಟಾಯ್ಡ್ ಸಂಧಿವಾತದ ಕಡೆಗೆ ಬೆರಳು ತೋರಿಸುತ್ತವೆ. ‘ರೋ’ ಎಂಬ ಪ್ರತಿಕಾಯ ಪಾಸಿಟಿವ್ ಇರುವ ಮಹಿಳೆ ಗರ್ಭಿಣಿಯಾದರೆ ವೈದ್ಯರಿಗೆ ಮೊದಲೇ ಹೇಳಬೇಕು. ಮಗುವಿನ ಹೃದಯ ಬಡಿತಕ್ಕೆ ತೊಂದರೆಯಾಗುವ ಸಾಧ್ಯತೆ ಇದೆ. ಡಿಎಫ್‌ಎಸ್70 ಎಂಬ ಪ್ರತಿಕಾಯ ಒಂದೇ ಇದ್ದರೆ ಹೆಚ್ಚಾಗಿ ನಿಶ್ಚಿಂತೆ.

ಹಂತ 4: ವಂಶ. ಐನ್‌ಮನೆಯ (ಕೊಡವರ ಮೂಲಮನೆ) ವಂಶಾವಳಿಯನ್ನು ತಲೆಮಾರುಗಟ್ಟಲೆ ಒಪ್ಪಿಸುವವರೂ ತಾಯಿಯ ತವರಿನಲ್ಲಿ ಯಾರಿಗೆ ಏನಿತ್ತು ಎಂದರೆ ತಡವರಿಸುತ್ತಾರೆ. ಜೀನುಗಳಿಗೆ ಒಕ್ಕದ (ತಂದೆಯ ಕಡೆಯ ಕುಲ) ಲೆಕ್ಕವಿಲ್ಲ, ಎರಡೂ ಕಡೆಯಿಂದ ಬರುತ್ತವೆ. ಎರಡೂ ಕಡೆಯ ಸಂಧಿವಾತ, ಲೂಪಸ್, ಥೈರಾಯ್ಡ್ ಎಲ್ಲವನ್ನೂ ಬರೆದಿಡಿ.

ರುಮಟಾಯ್ಡ್ ಸಂಧಿವಾತವನ್ನೇ ನೋಡಿ: ಎಚ್‌ಎಲ್‌ಎ-ಡಿಆರ್‌ಬಿ1 ಎಂಬ ಜೀನಿನ ಕೆಲವು ರೂಪಗಳಲ್ಲಿ, ಅದು ತಯಾರಿಸುವ ಪ್ರೋಟೀನಿನ 70ರಿಂದ 74ನೇ ಸ್ಥಾನದವರೆಗಿನ ಅಮೈನೋ ಆಮ್ಲಗಳು ಒಂದೇ ಬಗೆಯವು. ಬೀಡಿ, ಸಿಗರೇಟಿನ ಹೊಗೆಯಿಂದ ಶ್ವಾಸಕೋಶದಲ್ಲಿ ರೂಪ ಬದಲಿಸಿಕೊಂಡ ನಮ್ಮದೇ ಪ್ರೋಟೀನಿನ ತುಣುಕುಗಳನ್ನು ಇವು ಚೆನ್ನಾಗಿ ಹಿಡಿದು ದೇಹದ ರಕ್ಷಣಾ ಪಡೆಯ ಟಿ-ಕೋಶಗಳಿಗೆ ತೋರಿಸುತ್ತವೆ. ಟಿ-ಕೋಶಗಳ ಕುಮ್ಮಕ್ಕಿನಿಂದ ಬಿ-ಕೋಶಗಳು ಆಂಟಿ-ಸಿಸಿಪಿ ತಯಾರಿಸುತ್ತವೆ. ಕೀಲು ಊದುವ ಎಷ್ಟೋ ವರ್ಷ ಮೊದಲೇ ಅದು ರಕ್ತದಲ್ಲಿ ಕಾಣಿಸಿಕೊಳ್ಳಬಹುದು. ಹಾಗೆಂದು ಜೀನೇ ಹಣೆಬರಹವಲ್ಲ: ಒಂದೇ ಅಂಡದ ಅವಳಿಗಳಲ್ಲಿ ಒಬ್ಬರಿಗೆ ರುಮಟಾಯ್ಡ್ ಬಂದರೆ ಇನ್ನೊಬ್ಬರಿಗೂ ಬರುವುದು ನೂರರಲ್ಲಿ ಸುಮಾರು 15 ಸಲ. ಆದ್ದರಿಂದ ಎಂಜಲು ಕಳುಹಿಸಿ ಜೀನ್ ಪರೀಕ್ಷೆ ಮಾಡಿಸುವ ಕಿಟ್‌ಗಳಿಗೆ ಹಣ ಸುರಿಯಬೇಡಿ. ಸಂಧಿವಾತದ ನಂಟಿಗಾಗಿ ಯುರೋಪಿನಲ್ಲಿ ಹೆಸರು ಮಾಡಿದ ಪಿಟಿಪಿಎನ್22 ಜೀನಿನ ರೂಪಾಂತರ ಭಾರತೀಯರಲ್ಲಿ ತೀರಾ ಕಡಿಮೆ. ಮನೆಯಲ್ಲಿ ಒಬ್ಬರಿಗೆ ಸಂಧಿವಾತವಿದ್ದರೆ ಉಳಿದವರು ಬೀಡಿ ಬಿಡುವುದು ಆ ಕಿಟ್‌ಗಿಂತ ಮೇಲು. ಬೆರಳು ನೋವಿಗೆ ಎಚ್‌ಎಲ್‌ಎ-ಬಿ27 ಜೀನ್ ಪರೀಕ್ಷೆ ಮಾಡಿಸುವವರೂ ಇದ್ದಾರೆ. ಅದು ಮುಖ್ಯವಾಗಿ ಬೆನ್ನುಮೂಳೆಯ ಸಂಧಿವಾತದ ಶಂಕೆ ಇದ್ದಾಗ ಮಾಡಿಸುವಂಥದ್ದು.

ಹಂತ 5: ತಜ್ಞರ ಬಳಿಗೆ. ಮೈಸೂರಿಗೋ ಮಂಗಳೂರಿಗೋ ಹೊರಡುವ ಮೊದಲು ಬೆಳಿಗ್ಗೆ ಊದಿದ ಬೆರಳಿನ ಫೋಟೋ ತೆಗೆದಿಡಿ. ಮಧ್ಯಾಹ್ನದ ಹೊತ್ತಿಗೆ ಊತ ಇಳಿದಿರಬಹುದು. ಕೈ ಮಡಚಲು ಎಷ್ಟು ಹೊತ್ತು ಬೇಕಾಯಿತು, ಡಿಸೆಂಬರಿನ ಚಳಿಯಲ್ಲಿ ಬೆರಳು ಬಿಳಿಚಿ ನೀಲಿಯಾಯಿತೇ ಎಂಬುದನ್ನೂ ಬರೆದುಕೊಳ್ಳಿ. ಚೀಟಿಯಿಲ್ಲದ ಪೊಟ್ಟಣದ ‘ವಾತದ ಪುಡಿ’ ತಿಂದಿದ್ದರೆ ಮುಚ್ಚಿಡಬೇಡಿ. ಅಂಥವುಗಳಲ್ಲಿ ಸ್ಟೀರಾಯ್ಡ್ ಬೆರೆತಿರುವುದುಂಟು, ಅದು ಲಕ್ಷಣಗಳನ್ನೇ ಮರೆಮಾಚುತ್ತದೆ.

ಮೂತ್ರ ಪರೀಕ್ಷೆಯನ್ನು ಬಿಡಲೇಬೇಡಿ. ಲೂಪಸ್ ನೋವಿಲ್ಲದೆಯೇ ಮೂತ್ರಪಿಂಡಕ್ಕೆ ಇಳಿಯಬಹುದು, ಮೊದಲ ಸುಳಿವು ಮೂತ್ರದಲ್ಲಿನ ಪ್ರೋಟೀನ್ ಮತ್ತು ರಕ್ತಕಣ. ಕಕ್ಕಡ ಎಂಬ ಕೊಡಗಿನ ಮಳೆಗಾಲದ ತಿಂಗಳಲ್ಲಿ ಮದ್ದುಸೊಪ್ಪಿನ ಪಾಯಸ ಉಂಡ ಮರುದಿನ ಮೂತ್ರ ಕೆಂಪಾಗುವುದು ಇಲ್ಲಿ ಎಲ್ಲರಿಗೂ ಗೊತ್ತು. ಆ ಎರಡು ದಿನ ಬಿಟ್ಟು ಮಾದರಿ ಕೊಡಿ. ಪಾಯಸ ಉಣ್ಣದೆಯೂ ಕೆಂಪಾದರೆ ಅಂದೇ ಆಸ್ಪತ್ರೆಗೆ ಹೋಗಿ.