ಓಕೋಚಾ ವಿಡಿಯೋ ನೋಡುವಾಗ ಚೆಂಡು ಬಿಡಿ, ಡಿಫೆಂಡರ್ ನೋಡಿ

ನೈಜೀರಿಯಾದ ಫುಟ್‌ಬಾಲ್ ಆಟಗಾರ ಜೇ-ಜೇ ಓಕೋಚಾ ಆಟ ನಿಲ್ಲಿಸಿದ್ದು 2008ರಲ್ಲಿ. ಇವತ್ತಿಗೂ ಫೋನ್ ತೆರೆದರೆ ಅವನ ವಿಡಿಯೋ ಬರುತ್ತದೆ. ಅವನು ಆಡಿದ್ದನ್ನು ನೋಡದ ಹುಡುಗರೂ ಹಂಚಿಕೊಳ್ಳುತ್ತಾರೆ. ನನಗೆ ಅದು ತುಂಬಾ ಖುಷಿ. ಆದರೆ ಸಣ್ಣ ತುಣುಕುಗಳಲ್ಲಿ ಕಾಲ್ಚಳಕ ಕಾಣುತ್ತದೆ, ಅದು ಯಾಕೆ ಫಲಿಸಿತು ಅನ್ನೋದು ಕಾಣುವುದಿಲ್ಲ. ನಾನು ಆಡುತ್ತಿದ್ದಾಗ ಡಿಫೆಂಡರ್ ಆಗಿದ್ದೆ. ಹಾಗಾಗಿ ನನ್ನ ಕಣ್ಣು ಮೊದಲು ಹೋಗೋದು ಏಮಾರಿದವನ ಕಡೆಗೆ. ನೀವೂ ಒಮ್ಮೆ ಹಾಗೆ ನೋಡಿ.

ಶುರು ಮಾಡಬೇಕಾದ್ದು 1993ರ ಆಗಸ್ಟ್ 31ರ ಗೋಲಿನಿಂದ. ಅವನದು ಜರ್ಮನಿಯ ಫ್ರಾಂಕ್‌ಫರ್ಟ್ ತಂಡ, ಎದುರಿಗೆ ಕಾರ್ಲ್ಸ್‌ರೂಹೆ, ಗೋಲಿನಲ್ಲಿ ಆಲಿವರ್ ಕಾನ್. ಓಕೋಚಾಗೆ ಆಗಷ್ಟೇ 20 ತುಂಬಿತ್ತು. ವಿಡಿಯೋಗೆ ಸೇರಿಸಿರುವ ಸಂಗೀತ ಬಂದ್ ಮಾಡಿ, ವೇಗ ಅರ್ಧಕ್ಕೆ ಇಳಿಸಿ. ಮೊದಲ ಸಲ ಬರೀ ಕಾನ್ ಮೇಲೆ ಕಣ್ಣಿಡಿ. ಬೀಳುತ್ತಾನೆ, ಏಳುತ್ತಾನೆ, ಮತ್ತೆ ಬೀಳುತ್ತಾನೆ. ಎರಡನೇ ಸಲ ಡಿಫೆಂಡರ್‌ಗಳ ಕಾಲು ನೋಡಿ. ಓಕೋಚಾ ಹೊಡೆಯುವ ಹಾಗೆ ಮಾಡುತ್ತಾನೆ, ಹೊಡೆಯುವುದಿಲ್ಲ. ತಡೆಯಲು ಬಂದವನ ಭಾರ ಒಂದು ಕಾಲಿಗೆ ಬಿದ್ದ ಕ್ಷಣವೇ ಚೆಂಡು ಇನ್ನೊಂದು ಕಡೆಗೆ ಹೋಗಿರುತ್ತದೆ. ಆ ಸ್ಥಿತಿಯಲ್ಲಿ ಯಾರೇ ಇದ್ದರೂ ತಿರುಗೋಕೆ ಆಗಲ್ಲ. ಮೂರನೇ ಸಲ ಬೇಕಾದರೆ ಚೆಂಡು ನೋಡಿ. ಆ ವರ್ಷದ ಅತ್ಯುತ್ತಮ ಗೋಲು ಎಂದು ಜರ್ಮನಿಯ ಟಿವಿ ವೀಕ್ಷಕರು ಆರಿಸಿದ್ದು ಇದನ್ನೇ.

ಬೇರೆ ವಿಡಿಯೋ ಹುಡುಕುವಾಗ ಬರೀ ಹೆಸರು ಹಾಕಬೇಡಿ, ಅದೇ ಹತ್ತು ತುಣುಕು ಮತ್ತೆ ಮತ್ತೆ ಬರುತ್ತವೆ. ಕ್ಲಬ್, ವರ್ಷ, ಎದುರಾಳಿ ತಂಡ ಸೇರಿಸಿ. 1996ರವರೆಗೆ ಫ್ರಾಂಕ್‌ಫರ್ಟ್, ಆಮೇಲೆ ಟರ್ಕಿಯ ಫೆನರ್‌ಬಾಚೆ, 1998ರಿಂದ ಪ್ಯಾರಿಸ್, 2002ರಿಂದ 2006ರವರೆಗೆ ಇಂಗ್ಲೆಂಡಿನ ಬೋಲ್ಟನ್. ಫ್ರೀ ಕಿಕ್ ಇಷ್ಟವಾದರೆ 2004ರ ಜನವರಿಯಲ್ಲಿ ಆಸ್ಟನ್ ವಿಲ್ಲಾ ವಿರುದ್ಧ ಬೋಲ್ಟನ್ 5-2ರಿಂದ ಗೆದ್ದ ಲೀಗ್ ಕಪ್ ಸೆಮಿಫೈನಲ್ ಹುಡುಕಿ. ಅದರಲ್ಲಿ ಎರಡು ಸಿಗುತ್ತವೆ. ಅಂಗಿಯ ಮೇಲಿನ ಅಕ್ಷರ ಉಲ್ಟಾ ಕಂಡರೆ ಆ ವಿಡಿಯೋ ಬಿಟ್ಟುಬಿಡಿ. ಎಡ-ಬಲ ತಿರುಗಿಸಿ ಹಾಕಿರುತ್ತಾರೆ, ಯಾವ ಕಾಲಿನಿಂದ ಆಡಿದ ಅಂತಲೇ ತಪ್ಪಾಗಿ ಕಲಿಯುತ್ತೀರಿ.

ಚಳಕ ಜಾಸ್ತಿ ಇಲ್ಲದ ಗೋಲನ್ನೂ ನೋಡಿ. 2003ರ ಏಪ್ರಿಲ್‌ನಲ್ಲಿ ವೆಸ್ಟ್ ಹ್ಯಾಮ್ ವಿರುದ್ಧ ಮೈದಾನದ ನಡುಭಾಗದಿಂದ ಚೆಂಡು ಒಯ್ದು, ದೂರದಿಂದಲೇ ಬಲವಾಗಿ ಬಾರಿಸಿದ. ಬೋಲ್ಟನ್ 1-0ರಿಂದ ಗೆದ್ದಿತು. ಆ ಋತುವಿನಲ್ಲಿ ಬೋಲ್ಟನ್ ಪ್ರೀಮಿಯರ್ ಲೀಗ್‌ನಲ್ಲಿ ಉಳಿಯಿತು, ವೆಸ್ಟ್ ಹ್ಯಾಮ್ ಕೆಳಗಿನ ಲೀಗ್‌ಗೆ ಇಳಿಯಿತು. ನನ್ನ ಮಟ್ಟಿಗೆ ಅವನ ಎಲ್ಲ ಚಮತ್ಕಾರಗಳಿಗಿಂತ ಇದೇ ಮೇಲು.

ಇಷ್ಟಾದ ಮೇಲೆ ಒಂದು ಪಂದ್ಯವನ್ನಾದರೂ ಪೂರ್ತಿ ನೋಡಿ. 1996ರ ಒಲಿಂಪಿಕ್ಸ್ ಸೆಮಿಫೈನಲ್, ನೈಜೀರಿಯಾ ಮತ್ತು ಬ್ರೆಜಿಲ್. ನೈಜೀರಿಯಾ 1-3ರಿಂದ ಹಿಂದಿದ್ದಾಗ ಓಕೋಚಾ ಹೊಡೆದ ಪೆನಾಲ್ಟಿಯನ್ನು ಬ್ರೆಜಿಲ್ ಗೋಲ್‌ಕೀಪರ್ ಡಿಡಾ ತಡೆದುಬಿಟ್ಟ. ಸಂಕಲನದ ವಿಡಿಯೋಗಳಲ್ಲಿ ಇದನ್ನು ಸಾಮಾನ್ಯವಾಗಿ ಹಾಕುವುದಿಲ್ಲ. ಕೊನೆಗೆ ನೈಜೀರಿಯಾದ ಇಕ್ಪೆಬಾ ಒಂದು, ಕಾನು ಎರಡು ಗೋಲು ಹೊಡೆದು 4-3 ಮಾಡಿದರು. ಫೈನಲ್‌ನಲ್ಲಿ ಅರ್ಜೆಂಟೀನಾ ಸೋತಿತು, ಫುಟ್‌ಬಾಲ್‌ನಲ್ಲಿ ಆಫ್ರಿಕಾಕ್ಕೆ ಮೊದಲ ಒಲಿಂಪಿಕ್ ಚಿನ್ನ ಬಂತು. ಪೆನಾಲ್ಟಿ ತಪ್ಪಿದ ನಂತರದ ಭಾಗವನ್ನು ಓಡಿಸದೆ ನೋಡಿ.