ಟ್ರಯಲ್ ಆಂಟಿವೈರಸ್ ತೆಗೆದು ಡಿಫೆಂಡರ್ ಆನ್ ಮಾಡಿದ್ದು

ಮನೆಯ ವಿಂಡೋಸ್ 11 ಲ್ಯಾಪ್‌ಟಾಪ್. ಜೊತೆಗೇ ಬಂದಿದ್ದ ಟ್ರಯಲ್ ಆಂಟಿವೈರಸ್‌ನ ಅವಧಿ ಮುಗಿದಿತ್ತು. ದುಡ್ಡು ಕಟ್ಟಿ ಅಂತ ಮೂಲೆಯಲ್ಲಿ ಕೆಂಪು ಪೆಟ್ಟಿಗೆ ಬಂದು ಕೂರುತ್ತಿತ್ತು. ವಿಂಡೋಸ್‌ನಲ್ಲೇ ಇರುವ ಆಂಟಿವೈರಸ್ ಮೈಕ್ರೋಸಾಫ್ಟ್ ಡಿಫೆಂಡರ್ ಆನ್ ಆಗುತ್ತಿರಲಿಲ್ಲ.

ಸೆಟ್ಟಿಂಗ್ಸ್‌ನಿಂದ ಅನ್‌ಇನ್‌ಸ್ಟಾಲ್ ಮಾಡಿದರೆ ಪಟ್ಟಿಯಿಂದ ಹೆಸರು ಹೋಯಿತು, ಪೆಟ್ಟಿಗೆ ಹೋಗಲಿಲ್ಲ. ಫೋಲ್ಡರ್ ಡಿಲೀಟ್ ಮಾಡಲು ಪರ್ಮಿಷನ್ ಇಲ್ಲ. ಮೇಲೆ ಇನ್ನೊಂದು ಉಚಿತ ಆಂಟಿವೈರಸ್ ಹಾಕಿದ್ದಕ್ಕೆ ಲ್ಯಾಪ್‌ಟಾಪ್ ಇನ್ನೂ ನಿಧಾನವಾಯಿತು, ಅಷ್ಟೆ. ಅದನ್ನೂ ತೆಗೆದೆ.

ಕೊನೆಗೆ ಕೆಲಸ ಮಾಡಿದ್ದು ಆಂಟಿವೈರಸ್ ಕಂಪನಿಯದೇ ರಿಮೂವಲ್ ಟೂಲ್. ಹೆಚ್ಚಿನ ಕಂಪನಿಗಳು ಇದನ್ನು ತಮ್ಮ ಸೈಟ್‌ನಲ್ಲಿ ಉಚಿತವಾಗಿ ಇಟ್ಟಿರುತ್ತವೆ. ಬೇರೆ ಸೈಟ್‌ನಿಂದ ಬೇಡವೇ ಬೇಡ. ಮೊದಲು ಟೂಲ್ ಇಳಿಸಿಕೊಳ್ಳಿ. ಬಿಟ್‌ಲಾಕರ್ (ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ರಿಕವರಿ ಕೀ ಬರೆದಿಟ್ಟುಕೊಳ್ಳಿ, ಸೇಫ್ ಮೋಡ್‌ಗೆ (ತೀರಾ ಬೇಕಾದಷ್ಟನ್ನೇ ಹಾಕಿಕೊಂಡು ವಿಂಡೋಸ್ ಶುರುವಾಗುವ ರೀತಿ) ಹೋಗುವಾಗ ಕೇಳಬಹುದು. ಆಮೇಲೆ ಶಿಫ್ಟ್ ಒತ್ತಿ ಹಿಡಿದು ರೀಸ್ಟಾರ್ಟ್ ಕ್ಲಿಕ್ ಮಾಡಿ. ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್, ರೀಸ್ಟಾರ್ಟ್ ಒಂದಾದ ಮೇಲೊಂದು ಆರಿಸಿ. ಪಟ್ಟಿ ಬಂದಾಗ 4 ಒತ್ತಿದರೆ ಸೇಫ್ ಮೋಡ್. ಅಲ್ಲಿ ಟೂಲ್ ಓಡಿಸಿ, ಮಾಮೂಲಿಯಾಗಿ ರೀಸ್ಟಾರ್ಟ್ ಮಾಡಿ.

ಈಗ ವಿಂಡೋಸ್ ಸೆಕ್ಯುರಿಟಿ ತೆರೆದು, ವೈರಸ್ ಅಂಡ್ ಥ್ರೆಟ್ ಪ್ರೊಟೆಕ್ಷನ್‌ನ ಮ್ಯಾನೇಜ್ ಸೆಟ್ಟಿಂಗ್ಸ್‌ಗೆ ಹೋಗಿ. ರಿಯಲ್-ಟೈಮ್, ಕ್ಲೌಡ್, ಟ್ಯಾಂಪರ್ ಪ್ರೊಟೆಕ್ಷನ್ ಮೂರೂ ಆನ್ ಇರಬೇಕು. ಡಿಫೆಂಡರ್ ಅಪ್‌ಡೇಟ್ ಮಾಡಿ, ಸ್ಕ್ಯಾನ್ ಆಪ್ಷನ್ಸ್‌ನಲ್ಲಿ ಆಫ್‌ಲೈನ್ ಸ್ಕ್ಯಾನ್ (ವಿಂಡೋಸ್ ಶುರುವಾಗುವ ಮೊದಲೇ ನಡೆಯುವ ತಪಾಸಣೆ) ಕೊಡಿ. ಸುಮಾರು 15 ನಿಮಿಷ ಹಿಡಿಯುತ್ತದೆ. ಲ್ಯಾಪ್‌ಟಾಪ್ ತಾನೇ ರೀಸ್ಟಾರ್ಟ್ ಆಗುವುದರಿಂದ ತೆರೆದ ಫೈಲ್‌ಗಳನ್ನು ಮೊದಲೇ ಸೇವ್ ಮಾಡಿ. ಬ್ಯಾಂಕ್ ಕೆಲಸ, ಮಕ್ಕಳ ಪಾಠ ಅಂತ ಬಳಸುವ ಮನೆಗೆ ಇಷ್ಟು ಸಾಕು, ಸುಮ್ನೆ ಬೇರೆ ಕೊಳ್ಳುವುದು ಬೇಡ.