ಬ್ರಿಟಿಷ್ ಮ್ಯೂಸಿಯಂ ನೋಡುವುದು ಹೇಗೆ?

ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮನ್ನು ಒಂದೇ ದಿನದಲ್ಲಿ ನೋಡಿ ಮುಗಿಸಲು ಹೊರಡಬೇಡಿ. ಅಲ್ಲಿ ಜನ ನೋಡಲೆಂದು ಇಟ್ಟಿರುವುದೇ ಸುಮಾರು 80 ಸಾವಿರ ವಸ್ತು. ಅರ್ಧ ದಿನಕ್ಕೆ ಐದಾರು ಸಾಕು, ಆದರೆ ಅಷ್ಟನ್ನು ಕಣ್ತುಂಬ ನೋಡಿ.

ಮೊದಲು ದಿನ ಗೊತ್ತುಮಾಡಿಕೊಳ್ಳಿ. ಕಾಯಂ ಗ್ಯಾಲರಿಗಳಿಗೆ ದುಡ್ಡು ಕೊಡಬೇಕಿಲ್ಲ. ಶುಕ್ರವಾರ ರಾತ್ರಿ 8.30ರವರೆಗೂ ತೆರೆದಿರುತ್ತದೆ. ದೊಡ್ಡ ಸೂಟ್‌ಕೇಸ್ ಒಳಗೆ ಬಿಡುವುದಿಲ್ಲ, ಕೈಚೀಲ ಒಂದಿದ್ದರೆ ಹಗುರ.

ಒಳಗೆ ಹೋದವರೆಲ್ಲ ನೇರ ನುಗ್ಗುವುದು 4ನೇ ಕೊಠಡಿಯ ರೊಸೆಟ್ಟಾ ಶಿಲೆಯತ್ತ. ಒಂದೇ ಶಾಸನ, ಮೂರು ಲಿಪಿ. ಅದರ ನೆರವಿನಿಂದಲೇ 1822ರಲ್ಲಿ ಫ್ರಾನ್ಸಿನ ವಿದ್ವಾಂಸ ಶಾಂಪೋಲಿಯೋನ್ ಈಜಿಪ್ಟಿನ ಚಿತ್ರಲಿಪಿಯ ಗುಟ್ಟು ಬಿಡಿಸಿದ. ಗಾಜಿನ ಸುತ್ತ ಜನ ಜಾಸ್ತಿ ಇದ್ದರೆ ಬೇಜಾರಾಗಬೇಡಿ. 1ನೇ ಕೊಠಡಿಯಲ್ಲಿ ಅದರ ಪಡಿಯಚ್ಚು ಇದೆ, ಅದನ್ನು ಕೈಯಿಂದ ಮುಟ್ಟಬಹುದು. ಅಕ್ಷರಗಳ ಮೇಲೆ ಸುಮ್ನೆ ಬೆರಳಾಡಿಸಿ ನೋಡಿ.

ಅಲ್ಲಿಂದ 10ನೇ ಕೊಠಡಿಗೆ ಬನ್ನಿ. ನನಗೆ ಕೇಳಿದರೆ ಹೆಚ್ಚು ಹೊತ್ತು ಕಳೆಯಬೇಕಾದ್ದು ಇಲ್ಲೇ. ಈಗಿನ ಇರಾಕಿನ ಕಡೆ ಹಿಂದೆ ಇದ್ದ ಅಸ್ಸೀರಿಯಾ ರಾಜ್ಯದ ದೊರೆ ಎರಡನೇ ಸರ್ಗಾನ್‌ನ ಅರಮನೆ ಬಾಗಿಲು ಕಾಯುತ್ತಿದ್ದ, ಮನುಷ್ಯನ ಮುಖದ ರೆಕ್ಕೆಯ ಗೂಳಿಗಳು ನಿಂತಿವೆ. ಕಾಲು ಎಣಿಸಿ: ಐದು! ಎದುರಿನಿಂದ ನೋಡಿದರೆ ನಿಂತಂತೆ, ಪಕ್ಕದಿಂದ ನೋಡಿದರೆ ನಡೆಯುತ್ತಿರುವಂತೆ. ಎಲ್ಲರೂ ತಲೆಯೆತ್ತಿ ನೋಡಿ ಹೊರಟುಬಿಡುತ್ತಾರೆ. ನೀವು ಬಗ್ಗಿ, ಕಾಲ ಬುಡದ ಕಲ್ಲು ನೋಡಿ. ಅಲ್ಲಿ ಯಾರೋ ಗೀರಿದ ಮನೆಗಳ ಸಾಲು ಕಾಣುತ್ತದೆ. ಕಾಯಿ ನಡೆಸುವ ಆಟದ ಹಾಸು ಅದು. ಕಾವಲಿನವರು ಹೊತ್ತು ಹೋಗದೆ ಗೀರಿಕೊಂಡಿರಬೇಕು, ಅಲ್ವಾ?

ಈಗ ಮಹಡಿ ಹತ್ತಿ 56ನೇ ಕೊಠಡಿಗೆ ಹೋಗಿ. ಇರಾಕಿನ ಊರ್ ಎಂಬಲ್ಲಿ ರಾಜಮನೆತನದ ಗೋರಿಗಳಲ್ಲಿ ಸಿಕ್ಕಿದ ಆಟದ ಮಣೆ ಇಲ್ಲಿದೆ. ಚಿಪ್ಪು, ನೀಲಿ ಕಲ್ಲು, ಕೆಂಪು ಕಲ್ಲು ಕೂರಿಸಿದ 20 ಮನೆಗಳು. ಸುಮಾರು ಕ್ರಿ.ಪೂ. 2600ರದ್ದು. ಕೆಳಗೆ ಕಾವಲಿನವರು ಗೀರಿದ್ದೂ ಇದೇ 20 ಮನೆಯ ಆಟ! ನಡುವೆ ಸುಮಾರು 1,900 ವರ್ಷ.

ಕಾಲು ನೋಯುತ್ತಿದ್ದರೆ ಇಲ್ಲಿಗೇ ನಿಲ್ಲಿಸಿ, ಗಾಜಿನ ಚಾವಣಿಯ ಗ್ರೇಟ್ ಕೋರ್ಟ್‌ನಲ್ಲಿ ಕೂತುಕೊಳ್ಳಿ. ಶಕ್ತಿ ಉಳಿದಿದ್ದರೆ 33ಎ ಕೊಠಡಿಯ ಅಮರಾವತಿ ಸ್ತೂಪದ ಶಿಲ್ಪಗಳನ್ನು ಬಿಡಬೇಡಿ.